ಅರ್ಧ ಬಂದ ಅಮ್ಮ, ಎರಡು ಸಲ ಬಂದ ಫ್ಲ್ಯಾಶ್

ಬೆಳಕಿದ್ದ ಕಡೆ ಫೋಟೋ ಯಾರು ಬೇಕಾದರೂ ತೆಗೆಯುತ್ತಾರೆ. ಕತ್ತಲಲ್ಲಿ ತೆಗೆಯುವವನೇ ನಿಜವಾದ ಛಾಯಾಗ್ರಾಹಕ!

ಹೀಗೆಂದು ನಾನು ಘೋಷಿಸಿದ್ದು ಒಂದು ಭಾನುವಾರ ಬೆಳಿಗ್ಗೆ, ನಮ್ಮ ಹಜಾರದ ನಟ್ಟನಡುವೆ ನಿಂತು, ಆಫೀಸಿನ ಹೊಸ ಡಿಜಿಟಲ್ ಕ್ಯಾಮೆರಾವನ್ನು ಕೊರಳಿಗೆ ಪದಕದಂತೆ ತೂಗುಹಾಕಿಕೊಂಡು. ಸಭಿಕರು ಮೂವರು. ನನ್ನ ಹೆಂಡತಿ, ನನ್ನ ಅಮ್ಮ, ಮತ್ತು ನನ್ನ ಅತ್ತೆ, ಅಂದರೆ ಹೆಂಡತಿಯ ತಾಯಿ. ಚಪ್ಪಾಳೆ ಬೀಳಲಿಲ್ಲ. ಅಮ್ಮ ಆಕಳಿಸಿದಳು. ಅತ್ತೆ ಕಪ್ಪು ಕನ್ನಡಕದೊಳಗಿಂದ ನನ್ನನ್ನು ನೋಡಿದರೋ ಗೋಡೆಯನ್ನು ನೋಡಿದರೋ ತಿಳಿಯಲಿಲ್ಲ. ಹೆಂಡತಿ ಮಾತ್ರ ಬಾಯಿಬಿಟ್ಟಳು.

"ರೀ, ನೀವು ಇವತ್ತಿನವರೆಗೆ ತೆಗೆದಿರೋದೆಲ್ಲ ಅಪಘಾತದ ಫೋಟೋ."

"ಅದಕ್ಕೇನೀಗ?"

"ಏನಿಲ್ಲ. ನಮ್ಮನೇಲಿ ಇನ್ನೂ ಅಪಘಾತ ಆಗಿಲ್ಲ. ಸ್ವಲ್ಪ ತಡೀರಿ ಅಂದೆ."

ಅವಳ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ನನ್ನ ಕೆಲಸ ಒಂದು ವಿಮಾ ಕಂಪನಿಯಲ್ಲಿ. ಡಿಕ್ಕಿ ಹೊಡೆಸಿಕೊಂಡ ವಾಹನಗಳ ಸುತ್ತ ಒಂದು ಸುತ್ತು ಬಂದು, ಎಲ್ಲಿ ಜಜ್ಜಿದೆ, ಎಲ್ಲಿ ಗೀಚಿದೆ ಎಂದು ನೋಡಿ, ಫೋಟೋ ತೆಗೆದು, ನಷ್ಟ ಎಷ್ಟೆಂದು ವರದಿ ಬರೆಯುತ್ತೇನೆ. ವಾಹನಗಳಷ್ಟು ಸಭ್ಯರನ್ನು ನಾನು ಕಂಡಿಲ್ಲ. ಅವು ಕಣ್ಣು ಮಿಟುಕಿಸುವುದಿಲ್ಲ, "ನನ್ನ ಬಲಗಡೆಯಿಂದ ತೆಗಿ, ಎಡಗಡೆ ನಾನು ದಪ್ಪ ಕಾಣ್ತೀನಿ" ಎನ್ನುವುದಿಲ್ಲ. ಮುಖ್ಯವಾಗಿ, ಎಲ್ಲವೂ ಬಯಲಲ್ಲಿ, ಸುಡು ಬಿಸಿಲಲ್ಲಿ ನಿಂತಿರುತ್ತವೆ. ಹೀಗಾಗಿ ಕತ್ತಲು ಮತ್ತು ಕ್ಯಾಮೆರಾ ಒಟ್ಟಿಗೆ ಸೇರಿದರೆ ಏನಾಗುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ ವಿಷಯದಲ್ಲಿ ನನ್ನ ಧೈರ್ಯ ಯಾವಾಗಲೂ ಒಂದು ತೂಕ ಹೆಚ್ಚು!

ಕತ್ತಲಲ್ಲೇ ಯಾಕೆ ಫೋಟೋ ತೆಗೆಯಬೇಕಿತ್ತು ಎಂಬುದಕ್ಕೆ ಮೊದಲು ಒಂದು ಮೊಳೆಯ ಕಥೆ ಹೇಳಬೇಕು.

ನಮ್ಮ ಹಜಾರದ ಗೋಡೆಯಲ್ಲಿ ಒಂದು ಖಾಲಿ ಮೊಳೆಯಿತ್ತು. ಹೊಸದರಲ್ಲಿ ಅದಕ್ಕೆ ನಮ್ಮ ಮದುವೆಯ ಗುಂಪಿನ ಫೋಟೋ ತೂಗುಹಾಕಿದ್ದೆವು. ಅದರಲ್ಲಿ ಎಲ್ಲರೂ ಇದ್ದರು. ನಾನಿದ್ದೆ, ಹೆಂಡತಿಯಿದ್ದಳು, ಯಾರ ಕಡೆಯವರೆಂದು ಇವತ್ತಿಗೂ ಪತ್ತೆಯಾಗದ ಒಬ್ಬ ಬೋಳುತಲೆಯ ಮಹಾಶಯರಿದ್ದರು. ಮುಂದಿನ ಸಾಲಿನಲ್ಲಿ ಅತ್ತೆ ಭವ್ಯವಾಗಿ ನಿಂತಿದ್ದರು. ಅವರ ಭುಜದ ಹಿಂದೆ ಒಂದು ಕಿವಿ, ಅರ್ಧ ಕನ್ನಡಕ, ಕಾಲು ಭಾಗ ಹಣೆ. ಅದೇ ನನ್ನ ಅಮ್ಮ. ನನ್ನ ವರದಿಯ ಭಾಷೆಯಲ್ಲಿ ಹೇಳುವುದಾದರೆ, ಎಡಭಾಗ ಸಂಪೂರ್ಣ ನಷ್ಟ!

"ಹೆತ್ತು ಹೊತ್ತು ಸಾಕಿದ ಮಗನ ಮದುವೇಲಿ ನಾನು ಅರ್ಧ ಬಂದಿದೀನಿ. ಆ ಬೋಳುತಲೆಯವನು ನೋಡು, ಪೂರ್ತಿ ಬಂದಿದಾನೆ," ಎಂದಳು ಅಮ್ಮ.

ಮಾತು ಅತ್ತೆಯ ಕಿವಿಗೆ ಬಿತ್ತು. "ಫ್ಲ್ಯಾಶ್ ಬೀಳೋ ಹೊತ್ತಿಗೆ ಅವರೇ ಬಗ್ಗಿ ಚಪ್ಪಲಿ ಸರಿಮಾಡ್ಕೊಂಡ್ರು. ನಾನೇನು ಮಾಡ್ಲಿ? ಗಾಜಿನ ಭುಜ ಇಟ್ಕೊಂಡು ಹುಟ್ಟಿದೀನಾ?"

ಅಲ್ಲಿಗೆ ಬೀಗಿತ್ತಿಯರ ಮಾತುಕತೆ ಮುಗಿಯಿತು. ಫೋಟೋ ಅಟ್ಟ ಸೇರಿತು, ಮೊಳೆ ಉಳಿಯಿತು. ಜಗಳವೆಂದು ಹೇಳುವ ಹಾಗೂ ಇರಲಿಲ್ಲ. ಇಬ್ಬರೂ ಮರ್ಯಾದಸ್ಥರು. ಒಬ್ಬರ ಆರೋಗ್ಯವನ್ನು ಇನ್ನೊಬ್ಬರು ತಪ್ಪದೆ ವಿಚಾರಿಸುತ್ತಿದ್ದರು. ಆದರೆ ವಿಚಾರಿಸುತ್ತಿದ್ದದ್ದು ನನ್ನ ಹತ್ತಿರ.

ಹೀಗಿರುವಾಗ ಅತ್ತೆಯ ಕಣ್ಣಿಗೆ ಪೊರೆ ಬಂತು. ಕಣ್ಣಾಸ್ಪತ್ರೆ ನಮ್ಮ ಬೀದಿಯ ತುದಿಯಲ್ಲೇ ಇದ್ದುದರಿಂದ ಆಪರೇಷನ್ ಮುಗಿಸಿಕೊಂಡು ನಮ್ಮಲ್ಲೇ ಉಳಿದರು. ಅಮ್ಮ ಹೇಗೂ ನಮ್ಮ ಜೊತೆಗೇ ಇರುವವಳು. ಡಾಕ್ಟರು, "ಕಣ್ಣು ಕುಕ್ಕುವ ಬೆಳಕು ಬೇಡ" ಎಂದಿದ್ದರು. ನನ್ನ ಹೆಂಡತಿ ಅದನ್ನು "ಬೆಳಕೇ ಬೇಡ" ಎಂದು ತಿದ್ದಿಕೊಂಡು, ಹಜಾರದ ಕಿಟಕಿಗಳಿಗೆಲ್ಲ ದಪ್ಪ ಪರದೆ ಎಳೆದಳು. ಹಾಡಹಗಲೇ ನಾವು ತಡಕಾಡುತ್ತ ಓಡಾಡಿದೆವು. ಒಂದು ದಿನ ನಾನು ಗೂಟಕ್ಕೆ ನೇತುಹಾಕಿದ್ದ ನನ್ನದೇ ಕೋಟಿಗೆ, "ಯಾವಾಗ ಬಂದ್ರಿ? ಕೂತ್ಕೊಳ್ಳಿ" ಎಂದು ಉಪಚಾರ ಮಾಡಿದ್ದೂ ಉಂಟು.

ಆ ಕತ್ತಲಲ್ಲಿ ಬೀಗಿತ್ತಿಯರಿಬ್ಬರೂ ಎದುರುಬದುರು ಕುಳಿತು ದಿನ ದೂಡಿದರು.

"ಲೋ, ನಿಮ್ಮತ್ತೇನ ಕೇಳು, ಫ್ಯಾನು ಜೋರಾಯ್ತೇನೋ ಅಂತ."

"ಅಳಿಯಂದ್ರೇ, ನಿಮ್ಮ ತಾಯಿಯವರಿಗೆ ಹೇಳಿ, ಜೋರೇನಿಲ್ಲ, ಹಿತವಾಗಿದೆ ಅಂತ."

ಇಬ್ಬರ ನಡುವೆ ಇರುವುದು ಒಂದು ಮಾರು ದೂರ. ನಾನು ಇರುವುದು ಬಚ್ಚಲಲ್ಲಿ, ಮುಖಕ್ಕೆಲ್ಲ ಸೋಪು. ಹಾಗೇ ಬಂದು ಮಾತು ತಲುಪಿಸಿ ಹೋಗಬೇಕು. ನಾನು ಆಫೀಸಿಗೆ ಹೋದ ಮೇಲೆ ಇಬ್ಬರೂ ಗೋಡೆಗೆ ಹೇಳುತ್ತಿದ್ದರಂತೆ. ಗೋಡೆ ನನಗಿಂತ ಚುರುಕಾಗಿ ತಲುಪಿಸುತ್ತಿತ್ತು ಎಂದು ಹೆಂಡತಿಯ ಅಭಿಪ್ರಾಯ.

ಶನಿವಾರ ಅವಳು ಆ ಮೊಳೆಯ ಕೆಳಗೆ ಧೂಳು ಒರೆಸುವ ಬಟ್ಟೆ ಹಿಡಿದು ನಿಂತಿದ್ದಳು.

"ನಾಡಿದ್ದು ಅಮ್ಮ ಹೊರಡ್ತಾಳೆ," ಎಂದಳು. "ಮತ್ತೆ ಯಾವಾಗ ಇಬ್ಬರೂ ಒಂದೇ ಸೂರಿನ ಕೆಳಗೆ ಸಿಗ್ತಾರೋ. ಈ ಮೊಳೆಗೆ ಒಂದು ಫೋಟೋ ಬೇಕು ಕಣ್ರೀ. ಇಬ್ಬರೂ ಪಕ್ಕಪಕ್ಕ ಕೂತಿರಬೇಕು. ಇಬ್ಬರೂ ಪೂರ್ತಿ ಇರಬೇಕು."

"ನಗ್ತಾ ಇರಬೇಕಾ?"

"ಅಷ್ಟೆಲ್ಲ ದೇವರ ಹತ್ರಾನೂ ಕೇಳಲ್ಲ ನಾನು."

ಅವಳು ನನ್ನ ಹತ್ತಿರ ಏನನ್ನಾದರೂ ಬಾಯಿಬಿಟ್ಟು ಕೇಳುವುದೇ ಕಡಿಮೆ. ಕೇಳಿದರೆ ನಾನು ತರುವುದು ಬೇರೆಯೇ ಆಗಿರುತ್ತದೆ ಎಂಬ ಅನುಭವ ಅವಳಿಗಿದೆ. ಆವತ್ತು ಕೇಳಿದ್ದಳು. ನನಗೂ ಆ ಫೋಟೋ ಬೇಕೇಬೇಕು ಅನಿಸಿತು.

"ಸ್ಟುಡಿಯೋದವರನ್ನ ಕರೆಸ್ಲಾ?" ಎಂದಳು.

"ಸ್ಟುಡಿಯೋದವರಾ! ಅವರು ತರೋ ದೀಪಗಳಿಗೆ ನಿಮ್ಮಮ್ಮನ ಎರಡೂ ಕಣ್ಣು ಮತ್ತೆ ಆಪರೇಷನ್ನಿಗೆ ಹೋಗತ್ತೆ. ಮನೇಲಿ ಕಸುಬುದಾರ ಇರುವಾಗ ಬೀದೀಲಿ ಯಾಕೆ ಹುಡುಕ್ತೀಯಾ? ನಾಳೆ ಬೆಳಿಗ್ಗೆ ನೋಡು!"

ಇಬ್ಬರನ್ನೂ ಒಪ್ಪಿಸಿದ್ದು ಹೆಂಡತಿಯೇ. ಎರಡು ದೇಶಗಳ ನಡುವೆ ಒಪ್ಪಂದವಾದರೂ ಅಷ್ಟು ಷರತ್ತುಗಳು ಇರಲಿಕ್ಕಿಲ್ಲ. ಎರಡು ಕುರ್ಚಿಗಳೂ ಒಂದೇ ಎತ್ತರದವು ಆಗಿರಬೇಕು ಎಂದು ಅಮ್ಮ. ಅವರಿಗೆ ದಿಂಬು ಕೊಟ್ಟರೆ ತನಗೂ ದಿಂಬು. ಯಾರ ಭುಜವೂ ಯಾರ ಗಡಿಯನ್ನೂ ದಾಟತಕ್ಕದ್ದಲ್ಲ. ಅತ್ತೆಯದು ಒಂದೇ ಷರತ್ತು.

"ಈ ಕಪ್ಪು ಕನ್ನಡಕ ಹಾಕ್ಕೊಂಡು ಕೂರಕ್ಕೆ ನಾನೇನು ಪತ್ತೇದಾರಳಾ? ಕನ್ನಡಕ ತೆಗೀತೀನಿ. ಆದ್ರೆ ಪರದೆ ಸರಿಸಕೂಡದು, ಫ್ಲ್ಯಾಶೂ ಹಾಕಕೂಡದು. ಬೆಳಕು ಸೂಜಿ ಚುಚ್ಚಿದ ಹಾಗಾಗತ್ತೆ."

"ಫ್ಲ್ಯಾಶ್ ಯಾಕೆ ಅತ್ತೆ?" ಎಂದೆ. "ಫ್ಲ್ಯಾಶ್ ಹಾಕೋರು ಅಂಜುಬುರುಕರು!"

ಭಾನುವಾರ ಬೆಳಿಗ್ಗೆ ಮೊಳೆಯಿರುವ ಗೋಡೆಗೆ ಬೆನ್ನು ಮಾಡಿ ಎರಡು ಕುರ್ಚಿ ಹಾಕಿದೆವು. ಎಡಕ್ಕೆ ಅಮ್ಮ, ಬಲಕ್ಕೆ ಅತ್ತೆ, ನಡುವೆ ಇನ್ನೊಬ್ಬರು ಧಾರಾಳವಾಗಿ ಕೂರುವಷ್ಟು ಜಾಗ. ಇಬ್ಬರ ಮುಖದಲ್ಲೂ ತೀರ್ಪು ಓದುವ ನ್ಯಾಯಾಧೀಶರ ಕಳೆ. ನನ್ನ ಕ್ಯಾಮೆರಾದ ನೆತ್ತಿಯ ಮೇಲೆ ಫ್ಲ್ಯಾಶಿನ ಪುಟ್ಟ ಮುಚ್ಚಳವಿದೆ. ಕತ್ತಲು ಕಂಡರೆ ಅದು ತಾನಾಗಿಯೇ ಟಕ್ಕೆಂದು ಏಳುತ್ತದೆ. ಏಳದ ಹಾಗೆ ಎಡಗೈ ಬೆರಳಿನಿಂದ ಒತ್ತಿ ಹಿಡಿದೆ. ಇನ್ನೊಂದು ಕೈಯಲ್ಲಿ ಗುಂಡಿಯನ್ನು ಅರ್ಧ ಒತ್ತಿದೆ.

ಲೆನ್ಸು ಗುಂಯ್ ಎಂದು ಮುಂದೆ ಬಂತು, ಗುಂಯ್ ಎಂದು ಹಿಂದೆ ಹೋಯಿತು. ಕತ್ತಲಲ್ಲಿ ಕನ್ನಡಕ ಹುಡುಕುವ ಮುದುಕನ ಹಾಗೆ ತಡಕಾಡಿತು. ಆಮೇಲೆ ಅದರ ಕೆನ್ನೆಯಲ್ಲಿ ಒಂದು ಕೆಂಪು ದೀಪ ಹೊತ್ತಿತು. ಆ ಬೆಳಕು ಇಬ್ಬರ ನಡುವಿನ ಸಂದಿಯಲ್ಲಿ ನೇರವಾಗಿ ತೂರಿಕೊಂಡು ಹೋಗಿ, ಹಿಂದಿದ್ದ ಕಪಾಟಿನ ಮೇಲಿನ ಗಡಿಯಾರದ ಮೇಲೆ ಬಿತ್ತು. ಕ್ಯಾಮೆರಾ ಸಂತೋಷದಿಂದ ಪೀಪಿ ಎಂದಿತು. ನಾನು ಗುಂಡಿಯನ್ನು ಪೂರ್ತಿ ಒತ್ತಿದೆ.

ಬಿಸಿಲಲ್ಲಾದರೆ ನನ್ನ ಕ್ಯಾಮೆರಾ "ಕ್ಲಿಕ್" ಎನ್ನುತ್ತದೆ. ಆ ಕತ್ತಲಲ್ಲಿ "ಕ್ಲಿ..." ಎಂದಿತು. "...ಕ್" ಎನ್ನಲು ಪುರಸೊತ್ತಾಗಿ ಸಮಯ ತೆಗೆದುಕೊಂಡಿತು. ಆ ಬಿಡುವಿನಲ್ಲಿ ಅಮ್ಮ ಮೂಗು ಕೆರೆದುಕೊಂಡಳು, ಅತ್ತೆ ಶಾಲು ಸರಿಮಾಡಿಕೊಂಡರು, ನನ್ನ ಕೈ ನಡುಗಿತು.

ಹೆಂಡತಿ ಕ್ಯಾಮೆರಾದ ಬೆನ್ನಿನ ಪುಟ್ಟ ಪರದೆಯ ಮೇಲೆ ಮೂಡಿದ ಚಿತ್ರವನ್ನು ಬಗ್ಗಿ ನೋಡಿದಳು.

"ಗಡಿಯಾರ ತುಂಬಾ ಚೆನ್ನಾಗಿ ಬಂದಿದೆ ಕಣ್ರೀ. ಮುಳ್ಳು ಕೂಡ ಕಾಣತ್ತೆ."

"ನೋಡಿದೆಯಾ!"

"ಅದರ ಆಚೆ ಈಚೆ ಎರಡು ಹೊಗೆ ಇದೆಯಲ್ಲ, ಅದೇನು?"

"ಎಡಗಡೆ ಹೊಗೆ ನಮ್ಮಮ್ಮ, ಬಲಗಡೆ ಹೊಗೆ ನಿಮ್ಮಮ್ಮ."

"ನಿಮ್ಮಮ್ಮನಿಗೆ ಎರಡು ಮೂಗಿದೆ."

ದೋಷ ನನ್ನದಲ್ಲ, ಕೂತವರದು ಎಂದು ವಿವರಿಸಿದೆ. ನಡುವೆ ಸಂದಿ ಬಿಟ್ಟು ಕೂತರೆ ಕ್ಯಾಮೆರಾ ಸಂದಿಯನ್ನೇ ನೋಡುತ್ತದೆ! ಇಬ್ಬರೂ ಒತ್ತಿಕೊಂಡು ಕೂರಬೇಕು!

"ನಿಮ್ಮತ್ತೆ ಸರೀಲಿ, ನಾನು ಇದ್ದಲ್ಲೇ ಸರಿಯಾಗಿದೀನಿ."

"ಅಳಿಯಂದ್ರೇ, ದೊಡ್ಡೋರು ನಿಮ್ಮ ತಾಯಿಯವರು. ಅವರೇ ಮೊದಲು ಸರೀಲಿ."

"ದೊಡ್ಡೋಳಂತೆ! ಎಷ್ಟು ದೊಡ್ಡೋಳು ಅಂತ ಕೇಳೋ. ಏಳು ತಿಂಗಳು!"

ಹೆಂಡತಿ ಇಬ್ಬರ ಹಿಂದೆ ಹೋಗಿ ನಿಂತು, ಒಂದೊಂದು ಕುರ್ಚಿಗೆ ಒಂದೊಂದು ಕೈ ಹಾಕಿ, ಕೂತವರ ಸಮೇತ ಒಂದೇ ಏಟಿಗೆ ಕೂಡಿಸಿಬಿಟ್ಟಳು. ಯಾರು ಮೊದಲು ಸರಿದರು ಎಂದು ಇತಿಹಾಸಕಾರರು ಕೂಡ ಹೇಳಲಾರರು.

ಈ ಸಲ ಕೈ ನಡುಗದಿರಲೆಂದು ಮೊಣಕೈಯನ್ನು ಇಸ್ತ್ರಿ ಮೇಜಿಗೆ ಊರಿದೆ. ಆ ಮೇಜಿನ ಒಂದು ಕಾಲು ಗಿಡ್ಡ. ಕ್ಯಾಮೆರಾದ ಜೊತೆ ಬಂದ ದಪ್ಪ ಕೈಪಿಡಿಯನ್ನು ಅದಕ್ಕೆ ಒತ್ತುಕೊಟ್ಟಿದ್ದೆ. ಕೈಪಿಡಿಯಿಂದ ನನಗೆ ಅಲ್ಲಿಯವರೆಗೆ ಆಗಿದ್ದ ಉಪಯೋಗ ಅದೊಂದೇ.

ಗುಂಡಿ ಅರ್ಧ ಒತ್ತಿದೆ. ಕೆಂಪು ದೀಪ ಹೊತ್ತಿತು. ಬಿದ್ದದ್ದು ಅತ್ತೆಯ ಮುಖದ ಮೇಲೆ.

"ಅಳಿಯಂದ್ರೇ! ಏನೋ ಕೆಂಪಗೆ ಉರೀತಾ ಇದೆ! ಫ್ಲ್ಯಾಶ್ ಇಲ್ಲ ಅಂದಿದ್ರಿ!"

"ಫ್ಲ್ಯಾಶ್ ಅಲ್ಲ ಅತ್ತೆ, ಫೋಕಸ್ ದೀಪ. ಕತ್ತಲಲ್ಲಿ ಕ್ಯಾಮೆರಾಗೂ ಕಣ್ಣು ಕಾಣಲ್ಲ. ಎದುರಿಗೆ ಯಾರಿದ್ದಾರೆ ಅಂತ ದೀಪ ಹಿಡ್ಕೊಂಡು ನೋಡತ್ತೆ."

ಅಮ್ಮನ ಕುತ್ತಿಗೆ ನೆಟ್ಟಗಾಯಿತು. "ಯಾರಿದ್ದಾರೆ ಅಂತ ನೋಡಿದ್ದು ಅವರನ್ನ ಮಾತ್ರ. ನಾನಿಲ್ಲ ಅಂತ ನಿನ್ನ ಕ್ಯಾಮೆರಾನೂ ತೀರ್ಮಾನ ಮಾಡ್ಬಿಡ್ತಾ?"

ಆಗಲಿ ಎಂದು ಅಮ್ಮನ ಕಡೆ ತಿರುಗಿಸಿ ದೀಪ ಬಿಟ್ಟೆ. ಅಮ್ಮ ಆ ಕೆಂಪು ಬೆಳಕಿನಲ್ಲಿ ಗದ್ದ ಎತ್ತಿ ಕುಳಿತಳು.

"ನನ್ನ ಮೇಲೆ ಒಂದೇ ಕ್ಷಣ ಬಿಟ್ರು. ಅಲ್ಲಿ ನೋಡು, ಇನ್ನೂ ಆರಿಲ್ಲ," ಎಂದು ಅತ್ತೆ ಮಗಳಿಗೆ ಹೇಳಿದರು.

ಬೇಡವೆಂದವರಿಗೂ ಪಾಲು ಕಡಿಮೆ ಬಿದ್ದರೆ ಬೇಸರವೇ. ಕೊನೆಗೆ ಇಬ್ಬರ ಭುಜಗಳು ಕೂಡುವ ಕಡೆ ದೀಪ ಹಿಡಿದು ಸಮಪಾಲು ಮಾಡಿದೆ. ಅತ್ತೆಯ ಕಣ್ಣಿಗೆ ಕೆಂಪು ಬೆಳಕು ನೇರವಾಗಿ ತಾಗದಿರಲೆಂದು, ಮುಚ್ಚಳ ಒತ್ತಿ ಹಿಡಿದಿದ್ದ ಕೈಯ ತೋರುಬೆರಳನ್ನೇ ಆ ದೀಪಕ್ಕೆ ತುಸು ಅಡ್ಡ ಹಿಡಿದೆ. ಎಂಥ ಸೂಕ್ಷ್ಮ! ಎಂಥ ಮುಂದಾಲೋಚನೆ! ಕ್ಲಿ... ಎಲ್ಲರೂ ಉಸಿರು ಹಿಡಿದರು. ...ಕ್.

ಹೆಂಡತಿ ನೋಡಿದಳು. ನೋಡಿ, ಹತ್ತಿರ ಸಿಕ್ಕ ಕುರ್ಚಿಯಲ್ಲಿ ಕುಸಿದಳು. "ಏನಾಯ್ತು, ತೋರ್ಸು" ಎಂದು ಅಮ್ಮ ಎದ್ದು ಬಂದಳು. ಬರಬಾರದಿತ್ತು.

ಬಲಗಡೆ ಅತ್ತೆ, ಚೊಕ್ಕವಾಗಿ, ಒಂದು ಕೂದಲೂ ಆಚೀಚೆಯಾಗದೆ ಬಂದಿದ್ದರು. ಎಡಗಡೆ ಅಮ್ಮನ ಮುಖ ಇರಬೇಕಾದ ಜಾಗದಲ್ಲಿ ಬದನೆಕಾಯಿ ಗಾತ್ರದ ನನ್ನ ತೋರುಬೆರಳು. ಅದರ ಪಕ್ಕದಲ್ಲಿ ಒಂದು ಕಿವಿ, ಅರ್ಧ ಕನ್ನಡಕ, ಕಾಲು ಭಾಗ ಹಣೆ.

"ಮತ್ತೆ ಅರ್ಧ!" ಎಂದಳು ಅಮ್ಮ. "ಆವಾಗ ಆದ್ರೆ ಬೀಗಿತ್ತಿ ಭುಜ. ಈಗ ಹೆತ್ತ ಮಗನ ಬೆರಳು!"

ಅತ್ತೆ ಗೋಡೆಯ ಕಡೆ ತಿರುಗಿ, "ಆವತ್ತೂ ನನ್ನ ತಪ್ಪಿರಲಿಲ್ಲ ಅಂತ ಈಗಲಾದ್ರೂ ಗೊತ್ತಾಗ್ಲಿ" ಎಂದರು. ಗೋಡೆ ಆ ಮಾತನ್ನು ಕೂಡಲೇ ಅಮ್ಮನಿಗೆ ತಲುಪಿಸಿತು. ಅಮ್ಮ ತನ್ನ ಕೋಣೆಯ ಕಡೆ ನಡೆದಳು. ಅತ್ತೆ ಕಪ್ಪು ಕನ್ನಡಕ ಏರಿಸಿಕೊಂಡು, ಇವತ್ತೇ ಸಾಯಂಕಾಲ ಹೊರಟರೆ ಹೇಗೆ ಎಂದು ಗೋಡೆಯನ್ನು ವಿಚಾರಿಸತೊಡಗಿದರು.

ಹೆಂಡತಿ ನನ್ನನ್ನು ಬೈಯಲಿಲ್ಲ. ಮೊಳೆಯ ಕಡೆ ಒಮ್ಮೆ ನೋಡಿ, ಎದ್ದು ಅಡುಗೆಮನೆಗೆ ಹೋಗಿ, ನಲ್ಲಿ ತಿರುಗಿಸಿದಳು. ತೊಳೆಯಲು ಅಲ್ಲಿ ಒಂದು ಪಾತ್ರೆಯೂ ಇರಲಿಲ್ಲ. ನಲ್ಲಿ ಮಾತ್ರ ಸುಮ್ಮನೆ ಸುರಿಯುತ್ತಿತ್ತು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಅಭ್ಯಾಸವಿದೆ. ಇದನ್ನು ತಡೆದುಕೊಳ್ಳಲು ಆಗಲಿಲ್ಲ. ಅವಳು ಕೇಳಿದ್ದು ಒಂದು ಫೋಟೋ. ನಾನು ಕೊಟ್ಟದ್ದು ಹಳೆಯ ಗಾಯಕ್ಕೆ ಹೊಸ ಉಪ್ಪು. ತೀರಾ ನಾಚಿಕೆಯಾಯಿತು. ತಲೆ ತಗ್ಗಿಸಿ, ಏನೂ ತೋಚದೆ ಕ್ಯಾಮೆರಾದ ಗುಂಡಿಗಳನ್ನು ಒಂದೊಂದಾಗಿ ಒತ್ತುತ್ತ ನಿಂತೆ. ಆಗ ಕಂಡಿತು!

ಫ್ಲ್ಯಾಶಿನ ಗುರುತುಗಳ ಸಾಲಿನಲ್ಲಿ ಒಂದು ಕಣ್ಣಿನ ಚಿತ್ರ. ಪುಟ್ಟ, ಚೆಂದದ, ತೆರೆದ ಕಣ್ಣು.

ನನ್ನ ತಲೆಯಲ್ಲಿ ಸೂರ್ಯೋದಯವಾಯಿತು. ಕಣ್ಣು! ಕಣ್ಣಿನ ಆಪರೇಷನ್ ಆದವರಿಗೆಂದೇ, ಫ್ಲ್ಯಾಶ್ ತಾಗದ ಹಾಗೆ, ಕಂಪನಿಯವರು ಪ್ರತ್ಯೇಕವಾಗಿ ಮಾಡಿಟ್ಟ ಏರ್ಪಾಡು! ಇಲ್ಲದಿದ್ದರೆ ಕ್ಯಾಮೆರಾದಲ್ಲಿ ಕಣ್ಣಿಗೇನು ಕೆಲಸ? ಇನ್ನು ನಾನು ಮುಚ್ಚಳ ಒತ್ತಿ ಹಿಡಿಯಬೇಕಿಲ್ಲ. ಮುಚ್ಚಳ ಒತ್ತದಿದ್ದರೆ ಬೆರಳು ಅಡ್ಡ ಬರುವುದಿಲ್ಲ. ಬೆರಳು ಅಡ್ಡ ಬರದಿದ್ದರೆ ಅಮ್ಮ ಪೂರ್ತಿ!

ಇಬ್ಬರನ್ನೂ ಕಾಡಿ ಬೇಡಿ ಮತ್ತೆ ಕುರ್ಚಿಗೆ ತಂದೆ. ಕಣ್ಣಿನ ಗುರುತನ್ನು ಅತ್ತೆಗೆ ತೋರಿಸಿ, ಕಂಪನಿಯವರಿಗೆ ಅವರ ಮೇಲಿರುವ ಕಾಳಜಿಯನ್ನು ಬಣ್ಣಿಸಿದೆ. ಅತ್ತೆ ಮನಸ್ಸು ಕರಗಿ 'ಅಯ್ಯೋ ಪಾಪ' ಎಂದು ಕನ್ನಡಕ ತೆಗೆದರು. ಅಮ್ಮ ಮಾತ್ರ ಕರಗಲಿಲ್ಲ.

"ಇದೇ ಕೊನೆ ಕಣೋ. ಇದೂ ಅರ್ಧ ಬಂದ್ರೆ, ಇನ್ನು ನಾನು ಸತ್ತ ಮೇಲೆ ತೆಗಿ. ಆವಾಗ ಅಲ್ಲಾಡಲ್ಲ, ನಿನಗೂ ಅನುಕೂಲ."

ಅಡುಗೆಮನೆಯ ನಲ್ಲಿ ನಿಂತಿತು. ಹೆಂಡತಿ ಬಾಗಿಲಲ್ಲಿ ಬಂದು ನಿಂತಳು. ಅವಳ ಮುಖದಲ್ಲಿ ಆಸೆಯೇನೂ ಇರಲಿಲ್ಲ, ಆದರೂ ಬಂದು ನಿಂತಳು.

ಇಬ್ಬರೂ ಪೂರ್ತಿ ಬರಬೇಕಲ್ಲ! ನಾನು ಕ್ಯಾಮೆರಾ ಕಣ್ಣಿಗಿಟ್ಟುಕೊಂಡು ಒಂದು ಹೆಜ್ಜೆ ಹಿಂದೆ ಸರಿದೆ. ಇನ್ನೊಂದು ಹೆಜ್ಜೆ ಸರಿದೆ. ಬೆನ್ನ ಹಿಂದೆ ಇಸ್ತ್ರಿಯಾಗಬೇಕಾದ ಬಟ್ಟೆಗಳ ದೊಡ್ಡ ಬುಟ್ಟಿ ಇತ್ತು. ಅದು ನನಗೆ ಗೊತ್ತಿತ್ತು, ನನ್ನ ಕಾಲಿಗೆ ಗೊತ್ತಿರಲಿಲ್ಲ. ಗುಂಡಿ ಅರ್ಧ ಒತ್ತಿದೆ. ಕೆಂಪು ದೀಪ ಇಬ್ಬರ ಭುಜದ ಮೇಲೂ ಸಮವಾಗಿ ಬಿತ್ತು. ಮುಚ್ಚಳ ಟಕ್ಕೆಂದು ಎದ್ದಿತು. ಏಳಲಿ! ಕಣ್ಣಿನ ಗುರುತಿರುವಾಗ ಅದು ಬರೀ ಶೋಕಿಗೆ!

ಪೂರ್ತಿ ಒತ್ತಿದೆ.

ಫಳ್!

ನಮ್ಮ ಹಜಾರ ಅಷ್ಟು ದಿನಗಳಲ್ಲಿ ಕಾಣದ ಬೆಳಕು! ಅದನ್ನು ಕಂಡು ಎಲ್ಲರಿಗಿಂತ ಹೆಚ್ಚು ಬೆಚ್ಚಿಬಿದ್ದವನು, ಅದು ಬರುವುದೇ ಇಲ್ಲವೆಂದು ಭಾಷಣ ಮಾಡಿದ್ದ ನಾನು. "ಅಯ್ಯಯ್ಯಪ್ಪೋ!" ಎಂದು ಹಿಂದಕ್ಕೆ ಹಾರಿ, ಬುಟ್ಟಿಯೊಳಗೆ ಧೊಪ್ಪನೆ ಕುಳಿತೆ. ಕಾಲೆರಡೂ ಮೇಲಕ್ಕೆ ಹೋದವು. ಇಸ್ತ್ರಿ ಮೇಜು ಅಲ್ಲಾಡಿ, ಅದರ ಮೇಲಿದ್ದ ನನ್ನದೇ ಪ್ಯಾಂಟು ಬಂದು ನನ್ನ ತಲೆಯ ಮೇಲೆ ಕುಳಿತಿತು. ಆದರೆ ಕೈಯಲ್ಲಿ ಆಫೀಸಿನ ಕ್ಯಾಮೆರಾ! ನಾನು ಬಿದ್ದರೆ ಏಳಬಹುದು, ಅದು ಬಿದ್ದರೆ ಏಳುವುದಿಲ್ಲ. ಹಾಗಾಗಿ ಎರಡೂ ಕೈ ಚಾಚಿ ಅದನ್ನು ಮುಂದಕ್ಕೆ ಹಿಡಿದೇ ಇದ್ದೆ. ಎದುರಿನಿಂದ ಏನೋ ಸದ್ದು ಕೇಳಿಸಿತು.

ಆಗ ಬಿತ್ತು ನೋಡಿ, ದೊಡ್ಡದು. ಫಳಾರ್! ಕ್ಲಿಕ್!

ನಾನು ಪ್ಯಾಂಟಿನ ಕಾಲಿನೊಳಗಿಂದ ಇಣುಕಿದೆ. ಅತ್ತೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದರು. ಮೈಯೆಲ್ಲ ಕುಲುಕುತ್ತಿತ್ತು. ಬೆರಳ ಸಂದಿಯಿಂದ ನೀರು ಇಳಿಯುತ್ತಿತ್ತು. ಮುಗಿಯಿತು, ಅತ್ತೆಯ ಕಣ್ಣು ಹೋಯಿತು!

"ಅಮ್ಮಾ, ಕಣ್ಣು!" ಎಂದು ಹೆಂಡತಿ ಓಡಿಬಂದಳು.

ಅವಳಿಗಿಂತ ಮುಂಚೆ ಒಂದು ಕೈ ಅತ್ತೆಯ ಮಣಿಕಟ್ಟನ್ನು ಹಿಡಿದಾಗಿತ್ತು. "ಬೀಗರೇ, ಉಜ್ಜಬೇಡಿ! ಡಾಕ್ಟರು ಉಜ್ಜಬೇಡಿ ಅಂದಿದಾರೆ! ತಡೀರಿ, ಹತ್ತಿ ತರ್ತೀನಿ!"

ಅಮ್ಮ. ನೇರವಾಗಿ. ಗೋಡೆಗಲ್ಲ, ನನಗಲ್ಲ!

ಅತ್ತೆ ಕೈ ತೆಗೆದರು. ಅದು ಅಳುವಾಗಿರಲಿಲ್ಲ. ನಗು ತಡೆಯಲಾಗದೆ ಬಂದ ನೀರು. ಬುಟ್ಟಿಯಲ್ಲಿದ್ದ ನನ್ನ ಕಡೆ ಬೆರಳು ತೋರಿಸಿ, ಅಮ್ಮನ ಮುಖ ನೋಡಿ, ಉಸಿರು ಸಿಕ್ಕಿದಷ್ಟರಲ್ಲಿ ಕೇಳಿದರು, "ಚಿಕ್ಕಂದಿನಿಂದಾನೂ... ಹೀಗೇನಾ ಇವರು?"

"ಇದು ಎಷ್ಟೋ ವಾಸಿ ಬೀಗರೇ!" ಎಂದಳು ನನ್ನ ಹೆತ್ತ ತಾಯಿ. "ಚಿಕ್ಕವನಿದ್ದಾಗ ಕತ್ತಲೇಲಿ ತನ್ನ ನೆರಳು ಎಲ್ಲಿ ಹೋಯ್ತು ಅಂತ ಟಾರ್ಚ್ ಹಿಡ್ಕೊಂಡು ಮನೆಯೆಲ್ಲ ಹುಡುಕಿದ್ದ."

"ಸಿಕ್ತಾ?"

"ಸಿಕ್ತು. ಹಿಂದೇನೇ ಇತ್ತು. ನೋಡಿ ಹೆದರ್ಕೊಂಡು ಓಡ್ಬಂದ!"

ಮತ್ತೆ ನಗು. ಅತ್ತೆ ಸುಮ್ಮನಿರುತ್ತಾರೆಯೇ? ಮದುವೆಯಾದ ಹೊಸದರಲ್ಲಿ ನಾನು ಅವರ ಮನೆಗೆ ಹೋದಾಗ, ತಳ್ಳಬೇಕಾದ ಬಚ್ಚಲ ಬಾಗಿಲನ್ನು ಒಳಗಿನಿಂದ ಎಳೆದೂ ಎಳೆದೂ, ಕೊನೆಗೆ ಹಿಡಿಯನ್ನೇ ಕಿತ್ತು, ಕೂಗಿಕೊಂಡ ಕಥೆಯನ್ನು ತೆಗೆದರು. ಇಷ್ಟು ವರ್ಷ ಅದನ್ನು ಹೇಳಲು ತಕ್ಕ ಕಿವಿ ಸಿಗದೆ ಎಷ್ಟು ಸಂಕಟಪಟ್ಟಿದ್ದರೋ! ಮಧ್ಯಾಹ್ನದ ಊಟದ ಹೊತ್ತಿಗೂ ಕಥೆಗಳು ಮುಗಿದಿರಲಿಲ್ಲ. ಒಬ್ಬರ ಸಂಗ್ರಹದಲ್ಲಿ ಇದ್ದದ್ದು ಮದುವೆಗೆ ಮುಂಚಿನ ನಾನು, ಇನ್ನೊಬ್ಬರ ಸಂಗ್ರಹದಲ್ಲಿ ಮದುವೆಯ ನಂತರದ ನಾನು. ಎರಡನ್ನೂ ಸೇರಿಸಿ ಹೊಲಿದರೆ ಒಂದು ಪೂರ್ತಿ ಪೆದ್ದ! ನನ್ನನ್ನು ಬುಟ್ಟಿಯಿಂದ ಎತ್ತುವುದು ಯಾರಿಗೂ ನೆನಪಾಗಲಿಲ್ಲ. ನಾನೇ ಉರುಳಿಕೊಂಡು ಹೊರಗೆ ಬಂದೆ.

ಹೆಂಡತಿ ಅಷ್ಟರಲ್ಲಿ ಇಸ್ತ್ರಿ ಮೇಜಿನ ಕಾಲಡಿಯಿಂದ ಕೈಪಿಡಿ ಎಳೆದು ಓದುತ್ತಿದ್ದಳು.

"ಕಣ್ಣಿನ ಗುರುತು ಅಂದ್ರೆ ಫ್ಲ್ಯಾಶ್ ಬರಲ್ಲ ಅಂತ ಅಲ್ಲ ಕಣ್ರೀ. ಕತ್ತಲೇಲಿ ತೆಗೆದ್ರೆ ಫೋಟೋದಲ್ಲಿ ಕಣ್ಣು ಕೆಂಪಗೆ ಬರತ್ತಂತೆ. ಹಾಗೆ ಬರದೇ ಇರ್ಲಿ ಅಂತ ಮೊದಲೊಂದು ಸಲ ಸುಮ್ಮನೆ ಮಿಂಚತ್ತೆ. ಫೋಟೋ ತೆಗೆಯೋದು ಆಮೇಲೆ, ಎರಡನೇ ಸಲಕ್ಕೆ. ಫ್ಲ್ಯಾಶ್ ಬೇಡ ಅಂದ್ರೆ ಒತ್ತಬೇಕಾದ್ದು ಪಕ್ಕದ್ದು. ಮಿಂಚಿನ ಮೇಲೆ ಅಡ್ಡಗೀಟು ಎಳೆದಿಲ್ವಾ? ಮಗುಗೂ ಗೊತ್ತಾಗತ್ತೆ."

"ಮಗೂನ ಕರೆಸಬೇಕಿತ್ತು," ಎಂದೆ.

"ಸ್ಟುಡಿಯೋದವರನ್ನ ಕರೆಸೋಣ ಅಂದೆ," ಎಂದಳು.

ಆಮೇಲೆ ಕ್ಯಾಮೆರಾ ಎತ್ತಿಕೊಂಡು ಮೂರನೆಯ ಫೋಟೋ ನೋಡಿದಳು. ನೋಡುತ್ತಲೇ ಇದ್ದಳು. ಮೊದಲ ಮಿಂಚಿಗೆ ಬೀಗಿತ್ತಿಯರಿಬ್ಬರೂ ಫೋಟೋ ಮುಗಿಯಿತೆಂದುಕೊಂಡಿದ್ದರು. ಬಿಗಿದ ಮುಖ ಸಡಿಲಿಸಿದ್ದರು. ಅದೇ ಗಳಿಗೆಯಲ್ಲಿ ನಾನು ಬುಟ್ಟಿ ಸೇರಿದ್ದೆ. ಎರಡನೆಯ ಮಿಂಚು ಬೀಳುವಾಗ ಅತ್ತೆಯ ತಲೆ ಅಮ್ಮನ ಭುಜಕ್ಕೆ ವಾಲಿತ್ತು, ಅಮ್ಮನ ಕೈ ಅತ್ತೆಯ ತೊಡೆಯ ಮೇಲೆ ಬಿದ್ದಿತ್ತು, ಇಬ್ಬರ ಬಾಯಿಯೂ ಅಗಲವಾಗಿ ತೆರೆದಿತ್ತು. ಅಮ್ಮನ ಎರಡೂ ಕಿವಿ, ಎರಡೂ ಕಣ್ಣು, ಇಡೀ ಕನ್ನಡಕ, ಪೂರ್ತಿ ಹಣೆ. ಹೆಂಡತಿ ನನ್ನ ತಲೆಯ ಮೇಲೆ ಸಿಕ್ಕಿಕೊಂಡಿದ್ದ ಒಂದು ಕಾಲುಚೀಲವನ್ನು ತೆಗೆದಳು. ಅವಳ ಕಣ್ಣು ಒದ್ದೆಯಾಗಿತ್ತು. ನನಗೆ ತುಂಬ ಸಂತೋಷವಾಯಿತು, ಸೊಂಟ ನೋಯುತ್ತಿದ್ದರೂ.

ಮರುದಿನ ಅತ್ತೆಯನ್ನು ಕಣ್ಣಾಸ್ಪತ್ರೆಗೆ ಕರೆದೊಯ್ದು ತೋರಿಸಿದೆವು. ಕಣ್ಣಿಗೆ ಏನೂ ಆಗಿಲ್ಲ ಎಂದರು ಡಾಕ್ಟರು. ಅಮ್ಮನೂ ಜೊತೆಗೆ ಬಂದಿದ್ದಳು. ಬೇರೇನಕ್ಕೂ ಅಲ್ಲ, ಬುಟ್ಟಿಯ ಕಥೆಯನ್ನು ಡಾಕ್ಟರಿಗೆ ಹೇಳುವಾಗ ಅತ್ತೆ ಏನಾದರೂ ಬಿಟ್ಟರೆ ನೆನಪಿಸಲಿಕ್ಕೆ. ಅತ್ತೆ ಊರಿಗೆ ಹೊರಡುವುದನ್ನು ಮುಂದೆ ಹಾಕಿದರು. ಪರದೆಗಳು ಸರಿದವು. ಈಗ ಹಜಾರದಲ್ಲಿ ಬೆಳಗಿನಿಂದ ಸಂಜೆಯವರೆಗೆ ಇಬ್ಬರ ಮಾತು ನಿಲ್ಲುವುದಿಲ್ಲ. ನಾನು ಒಳಗೆ ಕಾಲಿಟ್ಟರೆ ಮಾತ್ರ ಥಟ್ಟನೆ ನಿಲ್ಲುತ್ತದೆ.

ಫೋಟೋ ಮೊಳೆಗೇರಿದೆ. ನಾನು ಬೀಳುತ್ತ ತೆಗೆದದ್ದರಿಂದ ಅದು ಒಂದು ಕಡೆಗೆ ವಾಲಿದೆ. ಬೀಗಿತ್ತಿಯರು ನೆಟ್ಟಗೆ ಕೂತಂತೆ ಕಾಣಬೇಕಾದರೆ ಚೌಕಟ್ಟನ್ನು ಓರೆಯಾಗಿ ತೂಗುಹಾಕಬೇಕು. ಹೆಂಡತಿ ಹಾಗೆಯೇ ಹಾಕಿದ್ದಾಳೆ.

ಮೊನ್ನೆ ನಮ್ಮ ಮ್ಯಾನೇಜರು ಮನೆಗೆ ಬಂದಿದ್ದರು. ಕಾಫಿ ಕೈಯಲ್ಲಿ ಹಿಡಿದು, ಕತ್ತು ಓರೆ ಮಾಡಿ, ಆ ಫೋಟೋದ ಮುಂದೆ ಬಹಳ ಹೊತ್ತು ನಿಂತರು.

"ಅಬ್ಬಾ, ಎಂಥ ನಗು ಕಣ್ರೀ! ದುಡ್ಡು ಕೊಟ್ರೂ ಇಂಥದ್ದು ಸಿಗಲ್ಲ. ಯಾರು ತೆಗೆದಿದ್ದು?"

ನನ್ನ ಎದೆ ಉಬ್ಬಿತು. "ನಾನೇ ಸಾರ್. ಕತ್ತಲಲ್ಲಿ!"

"ಭೇಷ್! ಅಲ್ಲ, ಅಷ್ಟೊಂದು ನಗ್ತಾ ಇದ್ದಾರಲ್ಲ, ಎದುರಿಗೆ ಏನಿತ್ತು? ಕೋತಿ ಗೀತಿ ಬಂದಿತ್ತಾ? ಅದೂ ಫೋಟೋದಲ್ಲಿ ಬಂದಿದ್ರೆ ಇನ್ನೂ ಮಜಾ ಇರ್ತಿತ್ತು."

ಹೆಂಡತಿ ಅವರ ಮುಂದೆ ಬಿಸ್ಕತ್ತಿನ ತಟ್ಟೆ ಇಟ್ಟಳು.

"ಅದು ಫೋಟೋದಲ್ಲಿ ಹೇಗೆ ಬರತ್ತೆ ಸಾರ್?" ಎಂದಳು. "ಫೋಟೋ ತೆಗೀತಾ ಇದ್ದಿದ್ದೇ ಅದು!"